ಪಿಆರ್ ಅರ್ಜಿ ಹಾಕುವ ಮುಂಚೆ ಹಳೇ ಫೈನ್, ಪೆಟ್ಟಿ ಕೇಸ್ ಎಲ್ಲ ಒಮ್ಮೆ ಹುಡುಕಿ ನೋಡಿ

ನಮ್ಮ ಚಿಕ್ಕಪ್ಪನ ಮಗ ಕೆನಡಾದಲ್ಲಿದ್ದಾನೆ. ಓದಲಿಕ್ಕೆ ಹೋದ, ಕೆಲಸ ಸಿಕ್ಕಿತು, ಆಮೇಲೆ ಎಲ್ಲರ ಹಾಗೆ ಪಿಆರ್, ಅಂದರೆ ಅಲ್ಲೇ ಕಾಯಂ ಆಗಿ ಇರುವ ಅನುಮತಿಯ ಓಡಾಟ ಶುರುವಾಯಿತು. ಒಂದು ರಾತ್ರಿ ಹನ್ನೊಂದು ಗಂಟೆಗೆ ಫೋನ್ ಮಾಡಿದ. "ಅಕ್ಕ, ಬೇರೆ ಯಾವುದಾದರೂ ದೇಶದಲ್ಲಿ ನಿಮಗೆ ಶಿಕ್ಷೆ ಆಗಿದೆಯಾ ಅಂತ ಫಾರ್ಮ್‌ನಲ್ಲಿ ಕೇಳಿದ್ದಾರೆ. ಇಲ್ಲ ಅಂತ ಹಾಕಿಬಿಡ್ಲಾ?" ಅಂದ.

ತಟ್ಟನೆ ನನಗೆ ಅರಸೀಕೆರೆ ರಸ್ತೆಯ ಬೈಕ್ ಅಪಘಾತ ನೆನಪಾಯಿತು. 2017ರ ಮಾತು. ಸೈಕಲ್‌ನಲ್ಲಿ ಹೋಗುತ್ತಿದ್ದವರಿಗೆ ಇವನ ಬೈಕ್ ತಾಗಿ ಅವರ ಕೈ ತರಚಿತ್ತು, ಸ್ಟೇಷನ್‌ನಲ್ಲಿ ಕೇಸ್ ಆಯಿತು, ಕೋರ್ಟಿನ ದಿನ ವಕೀಲರು "ಒಪ್ಕೊಂಡು ದಂಡ ಕಟ್ಟಿದ್ರೆ ಇವತ್ತೇ ಮುಗಿಯುತ್ತೆ" ಅಂದರು, 1,500 ರೂಪಾಯಿ ಕಟ್ಟಿ ಹಾಸನಕ್ಕೆ ಬಂದು ಮಧ್ಯಾಹ್ನದ ಊಟ ಮಾಡಿದೆವು. ಮನೆಯಲ್ಲಿ ಎಲ್ಲರೂ ಅದನ್ನು ಫೈನ್ ಅಂತಲೇ ಕರೆಯುತ್ತಿದ್ದೆವು. "ಅದು ಬರೀ ಫೈನ್ ಅಲ್ವಾ ಅಕ್ಕ?" ಅಂತ ಅವನೂ ಕೇಳಿದ.

ಅಲ್ಲ. ಕೋರ್ಟಿನ ಕಾಗದದಲ್ಲಿ ಅದು ಶಿಕ್ಷೆ. ನ್ಯಾಯಾಧೀಶರ ಮುಂದೆ ತಪ್ಪು ಒಪ್ಪಿಕೊಂಡು ಕಟ್ಟಿದ ದಂಡ 100 ರೂಪಾಯಿ ಇರಲಿ, 10,000 ಇರಲಿ, ಅದಕ್ಕೆ ಅಪರಾಧ ಸಾಬೀತಾಯಿತು ಅಂತಲೇ ಅರ್ಥ. ಇದು ಗೊತ್ತಿಲ್ಲದೆ ನಮ್ಮ ಕಡೆಯ ಎಷ್ಟೋ ಹುಡುಗರು, ಹುಡುಗಿಯರು ಫಾರ್ಮ್‌ನಲ್ಲಿ ಸುಮ್ನೆ "ಇಲ್ಲ" ಅಂತ ಟಿಕ್ ಮಾಡುತ್ತಾರೆ. ಇನ್ನು ಕೆಲವರು ಒಂದು ಹೆಲ್ಮೆಟ್ ಫೈನ್ ನೆನೆಸಿಕೊಂಡು ತಿಂಗಳುಗಟ್ಟಲೆ ನಿದ್ದೆಗೆಡುತ್ತಾರೆ. ತಮ್ಮನ ಫೈಲ್ ಹಿಡಿದುಕೊಂಡು ಸ್ಟೇಷನ್, ಕೋರ್ಟು, ವಕೀಲರ ಮನೆ ಅಂತ ಓಡಾಡಿ ನಾನು ತಿಳಿದುಕೊಂಡದ್ದನ್ನು, ಆಮೇಲೆ ನಾಲ್ಕೈದು ಮನೆಯವರಿಗೆ ಕೂತು ಹೇಳಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು: ನೆನಪು ಮಾಡಿಕೊಂಡು ಪಟ್ಟಿ ಬರೆಯಿರಿ

ಒಂದು ಹಾಳೆ ತಗೊಳ್ಳಿ. 18 ವರ್ಷ ತುಂಬಿದಾಗಿನಿಂದ ಇವತ್ತಿನವರೆಗೆ ಪೊಲೀಸರಿಗೆ, ಕೋರ್ಟಿಗೆ, ಯಾವುದೇ ಇಲಾಖೆಗೆ ದಂಡ ಕಟ್ಟಿದ್ದೆಲ್ಲ ಬರೆಯಿರಿ. ದಿನಾಂಕ, ಊರು, ಯಾಕೆ, ಎಷ್ಟು, ಎಲ್ಲಿ ಕಟ್ಟಿದ್ದು. ಎನ್.ಆರ್. ವೃತ್ತದಲ್ಲಿ ಹೆಲ್ಮೆಟ್ ಇಲ್ಲ ಅಂತ ಹಿಡಿದದ್ದು. ಬೆಂಗಳೂರಿನಲ್ಲಿ ಸಿಗ್ನಲ್ ಜಂಪ್ ಮಾಡಿ ಕ್ಯಾಮೆರಾಗೆ ಸಿಕ್ಕಿದ್ದು. ಸ್ನೇಹಿತರ ಜತೆ ಮುಳ್ಳಯ್ಯನಗಿರಿಗೆ ಹೋಗಿ ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದದ್ದು. ಕಾಲೇಜಿನ ಗಲಾಟೆಯಲ್ಲಿ ಹೆಸರು ಸೇರಿದ್ದು. ತೋಟದ ಬೇಲಿ ಜಗಳದಲ್ಲಿ ಅಪ್ಪನ ಜತೆ ನಿಮ್ಮ ಹೆಸರನ್ನೂ ಬರೆಸಿದ್ದು. ದೀಪಾವಳಿ ಸಮಯದಲ್ಲಿ ಅಂದರ್ ಬಾಹರ್ ಆಡುವಾಗ ರೈಡ್ ಆಗಿದ್ದು. ಈ ಕೊನೆಯದನ್ನು ಬೇಕಂತಲೇ ಹೇಳುತ್ತಿದ್ದೇನೆ, ಯಾಕೆಂದರೆ ಹಳ್ಳಿ ಕಡೆ ಇದನ್ನು ಯಾರೂ ಕೇಸ್ ಅಂತ ಎಣಿಸುವುದೇ ಇಲ್ಲ. ಆದರೆ ಕರ್ನಾಟಕ ಪೊಲೀಸ್ ಕಾಯ್ದೆಯ 87ನೇ ಸೆಕ್ಷನ್‌ನಲ್ಲಿ ಕೇಸ್ ಹಾಕಿ, ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ಇನ್ನೂರು ಮುನ್ನೂರು ರೂಪಾಯಿ ಕಟ್ಟಿದ್ದರೂ ಅದು ದಾಖಲೆಯಲ್ಲಿ ಇರುತ್ತದೆ.

ಅಪ್ಪ ಅಮ್ಮನನ್ನು ಕೇಳಿ. ಎಷ್ಟೋ ಸಲ ಕೋರ್ಟಿನ ಕೆಲಸವನ್ನು ಅಪ್ಪನೋ ಸೋದರಮಾವನೋ ನೋಡಿಕೊಂಡಿರುತ್ತಾರೆ, ನೀವು ಹೋಗಿ ಸಹಿ ಹಾಕಿ ಬಂದಿರುತ್ತೀರಿ. ಹಾಗೆಯೇ ಗಂಡನ ಪಟ್ಟಿ, ಹೆಂಡತಿಯ ಪಟ್ಟಿ ಬೇರೆ ಬೇರೆ ಮಾಡಿ. ಕೆನಡಾದಲ್ಲಿ ಜತೆಗೆ ಬರುವ ಕುಟುಂಬದವರಲ್ಲಿ ಒಬ್ಬರಿಗೆ ತೊಡಕಾದರೆ ಮುಖ್ಯ ಅರ್ಜಿದಾರರ ಅರ್ಜಿಯೂ ನಿಲ್ಲುತ್ತದೆ.

ಎರಡನೆಯದು: ದಂಡ ಎಲ್ಲಿ ಕಟ್ಟಿದ್ದು ಅಂತ ನೋಡಿ

ಎಷ್ಟು ಕಟ್ಟಿದಿರಿ ಅನ್ನುವುದಕ್ಕಿಂತ ಎಲ್ಲಿ ಕಟ್ಟಿದಿರಿ ಅನ್ನುವುದನ್ನು ಮೊದಲು ನೋಡಬೇಕು. ರಸ್ತೆಯಲ್ಲಿ ನಿಲ್ಲಿಸಿದ ಟ್ರಾಫಿಕ್ ಪೊಲೀಸರಿಗೆ ಕಟ್ಟಿ ರಸೀದಿ ತಗೊಂಡಿದ್ದು, ಕ್ಯಾಮೆರಾ ಚಲನ್ ಬಂದು ಆನ್‌ಲೈನ್‌ನಲ್ಲೋ ಕರ್ನಾಟಕ ಒನ್ ಕೇಂದ್ರದಲ್ಲೋ ಕಟ್ಟಿದ್ದು, ಇವೆಲ್ಲ ಸ್ಥಳದಲ್ಲೇ ಮುಗಿಯುವ ದಂಡ. ಮೋಟಾರು ವಾಹನ ಕಾಯ್ದೆಯ 200ನೇ ಸೆಕ್ಷನ್ ಇದಕ್ಕೆ ಅವಕಾಶ ಕೊಡುತ್ತದೆ. ಕಟ್ಟಿದರೆ ಮುಂದೆ ಕೇಸ್ ನಡೆಯುವುದಿಲ್ಲ, ನಿಮ್ಮನ್ನು ಯಾರೂ ಅಪರಾಧಿ ಅಂತ ತೀರ್ಮಾನ ಮಾಡಿರುವುದಿಲ್ಲ. ಹೆಲ್ಮೆಟ್, ಸೀಟ್ ಬೆಲ್ಟ್, ನೋ ಪಾರ್ಕಿಂಗ್, ಇನ್ಶೂರೆನ್ಸ್ ಕಾಗದ ಇಲ್ಲದ್ದು ಸಾಮಾನ್ಯವಾಗಿ ಈ ಗುಂಪಿನವು. ಕಟ್ಟಿದ್ದೀರಾ, ರಸೀದಿ ಇದೆಯಾ, ಅಷ್ಟು ಸಾಕು. ಇವುಗಳಿಂದ ಪಿಆರ್ ಹೋಗುತ್ತದೆ ಅಂತ ಹೆದರಬೇಡಿ.

ಕುಡಿದು ಗಾಡಿ ಓಡಿಸಿದ್ದು ಹಾಗಲ್ಲ. ಅದು 185ನೇ ಸೆಕ್ಷನ್. ರಸ್ತೆಯಲ್ಲಿ ಕಟ್ಟಿ ಮುಗಿಸಲು ಬರುವುದಿಲ್ಲ, ಕೋರ್ಟಿಗೆ ಹೋಗಲೇಬೇಕು. ಮೊದಲ ಸಲ ಸಿಕ್ಕರೆ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ನಮ್ಮಲ್ಲಿ ಹೆಚ್ಚಿನವರು ದಂಡ ಕಟ್ಟಿ, ಲೈಸೆನ್ಸ್ ವಾಪಸ್ ತಗೊಂಡು ಮರೆತುಬಿಡುತ್ತಾರೆ. ಮರೆಯಬಾರದ್ದು ಯಾವುದಾದರೂ ಇದ್ದರೆ ಇದೇ. ಯಾಕೆ ಅಂತ ಕೆನಡಾದ ವಿಚಾರ ಬಂದಾಗ ಹೇಳುತ್ತೇನೆ.

ಅಜಾಗರೂಕ ಚಾಲನೆ ಅಂತ ಹಾಕುವ ಕೇಸ್, ಅಂದರೆ ಹಿಂದಿನ ಐಪಿಸಿ 279, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 281, ಇದೂ ಕೋರ್ಟಿನ ಕೇಸೇ. ಶಿರಾಡಿ ಘಾಟಿಯಲ್ಲೋ ಚಾರ್ಮಾಡಿಯಲ್ಲೋ ಸಣ್ಣ ಅಪಘಾತ ಆದರೂ ಎಫ್‌ಐಆರ್‌ನಲ್ಲಿ ಈ ಸೆಕ್ಷನ್ ಸೇರುತ್ತದೆ.

ಲೋಕ ಅದಾಲತ್‌ನಲ್ಲಿ ಮುಗಿಸಿದ್ದರೆ "ಅದು ರಾಜಿ ಆಗಿದೆ" ಅಂತ ನೀವೇ ತೀರ್ಮಾನ ಮಾಡಬೇಡಿ. ಅಲ್ಲಿ ನಿಜವಾಗಿ ರಾಜಿಯಾಗುವ ಕೇಸ್‌ಗಳೂ ಇರುತ್ತವೆ, ತಪ್ಪೊಪ್ಪಿಕೊಂಡು ದಂಡ ಕಟ್ಟಿ ಮುಗಿಸುವ ಪೆಟ್ಟಿ ಕೇಸ್‌ಗಳೂ ಇರುತ್ತವೆ. ಯಾವುದು ಅಂತ ಕೋರ್ಟಿನ ಆದೇಶ ಓದಿದರೇ ಗೊತ್ತಾಗುವುದು.

ಮೂರನೆಯದು: ಕಾಗದ ತೆಗೆಸಿ

ಇದಕ್ಕೆ ಸಮಯ ಹಿಡಿಯುತ್ತದೆ, ಅದಕ್ಕೇ ಅರ್ಜಿ ಹಾಕುವ ನಾಲ್ಕೈದು ತಿಂಗಳು ಮುಂಚೆಯೇ ಶುರು ಮಾಡಿ.

ಚಲನ್‌ಗಳನ್ನು ಹುಡುಕುವುದು ಸುಲಭ. ಪರಿವಾಹನ್ ಇ-ಚಲನ್ ಸೈಟ್‌ನಲ್ಲಿ ಗಾಡಿ ನಂಬರ್ ಹಾಕಿದರೆ ಬಾಕಿ ಇರುವುದು, ಕಟ್ಟಿರುವುದು ಕಾಣುತ್ತದೆ. ಬಾಕಿ ಇದ್ದರೆ ಕಟ್ಟಿ ರಸೀದಿ ಇಳಿಸಿಟ್ಟುಕೊಳ್ಳಿ. 2023ರ ಫೆಬ್ರವರಿಯಲ್ಲಿ ಸರ್ಕಾರ ಬಾಕಿ ಟ್ರಾಫಿಕ್ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಾಗ ಬಹಳ ಜನ ಕಟ್ಟಿದ್ದರಲ್ಲ, ಆ ರಸೀದಿಗಳನ್ನೂ ಹುಡುಕಿ. ಬಹಳ ದಿನ ಕಟ್ಟದೆ ಬಿಟ್ಟ ಚಲನ್ ಕೋರ್ಟಿಗೆ ಹೋಗಿರಬಹುದು, ವರ್ಚುವಲ್ ಕೋರ್ಟ್ ಸೈಟ್‌ನಲ್ಲೂ ಒಮ್ಮೆ ನೋಡಿ.

ಕೋರ್ಟಿನ ಕೇಸ್ ಆದರೆ ಮೊದಲು ಇ-ಕೋರ್ಟ್ಸ್ ಸೈಟ್‌ಗೆ ಹೋಗಿ. ಜಿಲ್ಲೆ ಹಾಸನ ಅಥವಾ ಚಿಕ್ಕಮಗಳೂರು, ಆಮೇಲೆ ತಾಲೂಕಿನ ಕೋರ್ಟು, ಆಮೇಲೆ ಹೆಸರು ಮತ್ತು ವರ್ಷ ಹಾಕಿ ಹುಡುಕಿ. ಇಂಗ್ಲಿಷ್‌ನಲ್ಲಿ ಹೆಸರನ್ನು ಮೂರ್ನಾಲ್ಕು ಥರ ಬರೆದು ನೋಡಿ, ನಮ್ಮ ತಮ್ಮನ ಹೆಸರಿಗೆ ಅಲ್ಲಿ ಒಂದು ಅಕ್ಷರ ಜಾಸ್ತಿ ಸೇರಿತ್ತು. ಸಿಕ್ಕರೆ ಸಿ.ಸಿ. ನಂಬರ್ ಮತ್ತು 16 ಅಕ್ಷರ-ಅಂಕಿಗಳ ಸಿಎನ್ಆರ್ ನಂಬರ್ ಬರೆದುಕೊಳ್ಳಿ. ಸ್ಟೇಷನ್ನಿನ ಕ್ರೈಂ ನಂಬರ್ ಬೇರೆ, ಕೋರ್ಟಿನ ಸಿ.ಸಿ. ನಂಬರ್ ಬೇರೆ, ಎರಡೂ ಬೇಕು.

ಆಮೇಲೆ ಆ ಕೋರ್ಟಿನ ನಕಲು ವಿಭಾಗದಲ್ಲಿ ಅರ್ಜಿ ಕೊಟ್ಟು ಎಫ್‌ಐಆರ್, ಚಾರ್ಜ್‌ಶೀಟ್, ಆರ್ಡರ್ ಶೀಟ್, ತೀರ್ಪು, ದಂಡ ಕಟ್ಟಿದ ದಾಖಲೆ, ಇಷ್ಟಕ್ಕೂ ದೃಢೀಕೃತ ನಕಲು ಕೇಳಿ. ನೀವು ವಿದೇಶದಲ್ಲಿದ್ದರೆ ಇಲ್ಲಿನ ವಕೀಲರಿಗೆ ವಕಾಲತ್ತು ಕೊಟ್ಟು ಮಾಡಿಸಬಹುದು. ಹಳೇ ಕಡತ ರೆಕಾರ್ಡ್ ರೂಮಿಗೆ ಹೋಗಿದ್ದರೆ ತಡವಾಗುತ್ತದೆ. ನಾನು ಮೂರು ಸಲ ಹೋಗಿ ಬಂದೆ, ನಾಲ್ಕನೇ ಸಲಕ್ಕೆ ಸಿಕ್ಕಿತು. ಕಡತವೇ ನಾಶವಾಗಿದೆ ಅಂದರೆ, ಹಾಗಂತ ಬರೆದ ಹಿಂಬರಹವನ್ನಾದರೂ ಮುದ್ರೆ ಹಾಕಿಸಿ ತಗೊಳ್ಳಿ. ಅದೂ ಒಂದು ದಾಖಲೆಯೇ.

ಕಾಗದಗಳು ಕನ್ನಡದಲ್ಲಿ ಇರುತ್ತವೆ. ಇಂಗ್ಲಿಷ್‌ಗೆ ಅನುವಾದ ಮಾಡಿಸಬೇಕು, ಅನುವಾದಕರ ಅಫಿಡವಿಟ್ ಜತೆಗಿರಬೇಕು. ನಿಮ್ಮ ಅಕ್ಕ ಇಂಗ್ಲಿಷ್ ಮೇಷ್ಟ್ರಾಗಿದ್ದರೂ ಅವರ ಕೈಯಲ್ಲಿ ಮಾಡಿಸಬೇಡಿ, ಮನೆಯವರು ಮಾಡಿದ ಅನುವಾದವನ್ನು ಕೆನಡಾ ಒಪ್ಪುವುದಿಲ್ಲ.

ನಾಲ್ಕನೆಯದು: ಆ ದೇಶದ ಕಣ್ಣಿನಿಂದ ನೋಡಿ

ಕೆನಡಾದಿಂದ ಶುರು ಮಾಡುತ್ತೇನೆ, ನಮ್ಮ ಕಡೆಯವರು ಅಲ್ಲಿ ಜಾಸ್ತಿ, ನನಗೆ ಚೆನ್ನಾಗಿ ಗೊತ್ತಿರುವುದೂ ಅದೇ.

ಕೆನಡಾದಲ್ಲೇ ಸಿಕ್ಕ ಟ್ರಾಫಿಕ್ ಟಿಕೆಟ್ ಹೆಚ್ಚಾಗಿ ಪ್ರಾಂತ್ಯದ ಕಾನೂನಿನದು. ಒಂಟಾರಿಯೋದಲ್ಲಿ ಹೈವೇ ಟ್ರಾಫಿಕ್ ಆಕ್ಟ್ ಅಂತ ಇದೆ. ಸ್ಪೀಡಿಂಗ್, ಸ್ಟಾಪ್ ಬೋರ್ಡ್ ಹತ್ತಿರ ನಿಲ್ಲಿಸದ್ದು, ರೆಡ್ ಲೈಟ್ ಕ್ಯಾಮೆರಾ, ಪಾರ್ಕಿಂಗ್, ಕೇರ್‌ಲೆಸ್ ಡ್ರೈವಿಂಗ್ ಕೂಡ ಪ್ರಾಂತ್ಯದ ಅಪರಾಧಗಳೇ. ವಲಸೆ ಕಾಯ್ದೆಯ 36ನೇ ಸೆಕ್ಷನ್ ನೋಡುವುದು ಕ್ರಿಮಿನಲ್ ಕೋಡ್‌ನಂಥ ಕೇಂದ್ರ ಕಾನೂನಿನ ಅಪರಾಧಗಳನ್ನು. ಹಾಗಾಗಿ ಸ್ಪೀಡಿಂಗ್ ಟಿಕೆಟ್‌ನಿಂದ ಪಿಆರ್ ನಿರಾಕರಣೆ ಆಗುವುದಿಲ್ಲ. ಸ್ಟಂಟ್ ಡ್ರೈವಿಂಗ್‌ಗೆ ಅಲ್ಲಿ 2,000ದಿಂದ 10,000 ಡಾಲರ್‌ವರೆಗೆ ದಂಡ ಇದೆ, ಗಾಡಿಯನ್ನು 14 ದಿನ ಜಪ್ತಿ ಮಾಡುತ್ತಾರೆ. ಅಷ್ಟು ದೊಡ್ಡ ದಂಡವೂ ಪ್ರಾಂತ್ಯದ ಕಾನೂನಿನದೇ. ಆದರೆ ಅಂಗಡಿಯಿಂದ 20 ಡಾಲರ್ ಸಾಮಾನು ಬಿಲ್ ಮಾಡಿಸದೆ ತಂದು ಸಿಕ್ಕಿಬಿದ್ದು ಶಿಕ್ಷೆಯಾದರೆ ಅದು ಕ್ರಿಮಿನಲ್ ಕೋಡ್‌ನ ಕಳ್ಳತನ, ಪಿಆರ್‌ಗೆ ನೇರ ತೊಡಕು. ದಂಡದ ಮೊತ್ತ ನೋಡಿ ಸಮಾಧಾನ ಮಾಡಿಕೊಳ್ಳುವುದಾಗಲಿ ಹೆದರುವುದಾಗಲಿ ಬೇಡ ಅಂತ ನಾನು ಹೇಳುವುದು ಇದಕ್ಕೇ.

ಹೆಸರು ಹತ್ತಿರ ಹತ್ತಿರ ಇರುವುದರಿಂದ ಒಂದು ಮಾತು. ಕೇರ್‌ಲೆಸ್ ಡ್ರೈವಿಂಗ್ ಪ್ರಾಂತ್ಯದ್ದು, ಡೇಂಜರಸ್ ಡ್ರೈವಿಂಗ್ ಕ್ರಿಮಿನಲ್ ಕೋಡ್‌ನದು. ಅಪಘಾತ ಮಾಡಿ ನಿಲ್ಲದೆ ಹೋಗುವುದೂ ಕ್ರಿಮಿನಲ್ ಕೋಡ್‌ನಲ್ಲಿ ಇದೆ. ಹೊಸದಾಗಿ ಹೋದ ಮಕ್ಕಳು ಸಣ್ಣದಾಗಿ ತಾಗಿದ ಕೂಡಲೇ ಹೆದರಿ ಗಾಡಿ ಓಡಿಸಿಕೊಂಡು ಹೋಗುತ್ತಾರೆ. ದಯವಿಟ್ಟು ನಿಲ್ಲಿಸಿ. ಅಲ್ಲೇ ನಿಂತರೆ ಒಂದು ಟಿಕೆಟ್‌ನಲ್ಲಿ ಮುಗಿಯಬಹುದಾದದ್ದು, ಓಡಿದರೆ ವರ್ಷಗಳ ತಲೆನೋವಾಗುತ್ತದೆ.

ಈಗ ಭಾರತದಲ್ಲಿ ಆದದ್ದನ್ನು ಕೆನಡಾ ಹೇಗೆ ನೋಡುತ್ತದೆ ಅಂತ ಹೇಳುತ್ತೇನೆ. ನಿಮಗೆ ಇಲ್ಲಿ ಎಷ್ಟು ಶಿಕ್ಷೆ ಆಯಿತು ಅಂತ ಅಲ್ಲ, ಅದೇ ಕೆಲಸ ಕೆನಡಾದಲ್ಲಿ ಮಾಡಿದ್ದರೆ ಅಲ್ಲಿನ ಕಾನೂನಿನಲ್ಲಿ ಹೆಚ್ಚೆಂದರೆ ಎಷ್ಟು ಶಿಕ್ಷೆ ಆಗಬಹುದಿತ್ತು ಅಂತ ಅಳೆಯುತ್ತಾರೆ. 2018ರ ಡಿಸೆಂಬರ್ 18ರಿಂದ ಅಲ್ಲಿ ಕುಡಿದು ಗಾಡಿ ಓಡಿಸಿದ್ದಕ್ಕೆ ಗರಿಷ್ಠ ಶಿಕ್ಷೆ 5 ವರ್ಷದಿಂದ 10 ವರ್ಷಕ್ಕೆ ಏರಿದೆ. ಹತ್ತು ವರ್ಷ ಅಂದರೆ ವಲಸೆ ಕಾಯ್ದೆಯಲ್ಲಿ ಅದು ಗಂಭೀರ ಅಪರಾಧದ ಸಾಲಿಗೆ ಸೇರುತ್ತದೆ. ಅಂದರೆ ಆ ದಿನದ ನಂತರ ಚಿಕ್ಕಮಗಳೂರಿನಲ್ಲಿ ಕುಡಿದು ಕಾರು ಓಡಿಸಿ, ಕೋರ್ಟಿನಲ್ಲಿ 10,000 ಕಟ್ಟಿ ಬಂದವರು ಕೆನಡಾದ ಲೆಕ್ಕದಲ್ಲಿ ಗಂಭೀರ ಅಪರಾಧ ಮಾಡಿದವರ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಒಂದೇ ಒಂದು ರಾತ್ರಿಯ ತಪ್ಪು.

ದಾರಿ ಇಲ್ಲ ಅಂತಲ್ಲ. ಶಿಕ್ಷೆ ಪೂರ್ತಿ ಮುಗಿದು 5 ವರ್ಷ ಆದ ಮೇಲೆ ಪುನರ್ವಸತಿ ಅಂತ, ಅಂದರೆ ಆ ಹಳೇ ಅಪರಾಧ ಇನ್ನು ಅಡ್ಡಿಯಾಗದ ಹಾಗೆ ಮಾಡಿಕೊಡಿ ಅಂತ, ಬೇರೆ ಅರ್ಜಿ ಹಾಕಿಕೊಳ್ಳಬಹುದು. ಶಿಕ್ಷೆ ಮುಗಿಯುವುದು ಅಂದರೆ ದಂಡ ಪೂರ್ತಿ ಕಟ್ಟಿದ ದಿನ. ಘಟನೆ ನಡೆದ ದಿನದಿಂದ ಎಣಿಸುವ ಹಾಗಿಲ್ಲ. ಬರೀ 500 ರೂಪಾಯಿ ದಂಡ ಬಾಕಿ ಬಿಟ್ಟಿದ್ದರೂ ಆ ಐದು ವರ್ಷದ ಎಣಿಕೆ ಶುರುವೇ ಆಗಿರುವುದಿಲ್ಲ. ಅದಕ್ಕೇ ರಸೀದಿಯ ದಿನಾಂಕಕ್ಕೆ ಅಷ್ಟು ಬೆಲೆ. ಗಂಭೀರ ಸಾಲಿಗೆ ಸೇರದ ಒಂದೇ ಒಂದು ಅಪರಾಧ ಆಗಿದ್ದರೆ, ಶಿಕ್ಷೆ ಮುಗಿದು 10 ವರ್ಷ ದಾಟಿದ ಮೇಲೆ ತಾನಾಗಿಯೇ ಪುನರ್ವಸತಿ ಆಗಿದೆ ಅಂತ ಪರಿಗಣಿಸುವ ಅವಕಾಶವೂ ಇದೆ.

ನಮ್ಮ ತಮ್ಮನ 279ರ ಕೇಸ್ ಇಲ್ಲೇ ಕುತ್ತಿಗೆಗೆ ಬಂದದ್ದು. ನಮ್ಮ 279ರಲ್ಲಿ ಬರೀ ನಿರ್ಲಕ್ಷ್ಯದ ಚಾಲನೆಯೂ ಸೇರುತ್ತದೆ. ಕೆನಡಾದ ಡೇಂಜರಸ್ ಡ್ರೈವಿಂಗ್‌ಗೆ ಅಷ್ಟು ಸಾಲದು, ಸಾಮಾನ್ಯ ಚಾಲಕ ತೋರುವ ಎಚ್ಚರಿಕೆಗಿಂತ ಎದ್ದು ಕಾಣುವಷ್ಟು ಕೆಳಗೆ ಇಳಿದಿರಬೇಕು ಅಂತ ಅಲ್ಲಿನ ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದೆ. ಅಲ್ಲಿನ ವಲಸೆ ವಕೀಲರು ಇದನ್ನೇ ಹಿಡಿದು, ಚಾರ್ಜ್‌ಶೀಟ್‌ನಲ್ಲಿ ಬರೆದ ಘಟನೆ ನೋಡಿ, ಇದು ಅಲ್ಲಿನ ಕೇರ್‌ಲೆಸ್ ಡ್ರೈವಿಂಗ್‌ಗೆ ಸಮ ಅಂತ ಎರಡು ಪುಟದ ಪತ್ರ ಬರೆದರು. ಫಾರ್ಮ್‌ನಲ್ಲಿ "ಹೌದು" ಅಂತಲೇ ಹಾಕಿದೆವು. ತಡವಾಯಿತು, ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡು ಕಾದೆವು, ಆದರೆ ಪಿಆರ್ ಬಂತು. ಕೋರ್ಟಿನ ಕೇಸ್ ಇದ್ದವರು ಆ ದೇಶದ ಲೈಸೆನ್ಸ್ ಇರುವ ವಕೀಲರಿಗೆ ದುಡ್ಡು ಕೊಟ್ಟು ಕೇಳಿ ಅಂತ ನಾನು ಗಟ್ಟಿಯಾಗಿ ಹೇಳುವುದು ಇದನ್ನು ಕಣ್ಣಾರೆ ನೋಡಿದ ಮೇಲೆ.

ಇನ್ನು ಆಸ್ಟ್ರೇಲಿಯಾ. ಅಲ್ಲಿ ನಡತೆ ಪರೀಕ್ಷೆ ಅಂತ 501ನೇ ಸೆಕ್ಷನ್ ಇದೆ, 12 ತಿಂಗಳು ಅಥವಾ ಅದಕ್ಕಿಂತ ಜಾಸ್ತಿ ಜೈಲು ಶಿಕ್ಷೆ ಆಗಿದ್ದರೆ ಅದರಲ್ಲಿ ಫೇಲ್ ಆದ ಹಾಗೆ. ಕಟ್ಟಿದ ಟ್ರಾಫಿಕ್ ದಂಡ ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ಅವರ ಫಾರ್ಮ್ 80 ಓದಿ, ದಾಖಲೆಯಿಂದ ತೆಗೆದುಹಾಕಿದ ಶಿಕ್ಷೆಯನ್ನೂ ಹೇಳಿ ಅಂತ ಕೇಳುತ್ತದೆ. ಸುಳ್ಳು ಮಾಹಿತಿ ಕೊಟ್ಟದ್ದು ಸಿಕ್ಕಿದರೆ 3 ವರ್ಷ ವೀಸಾ ಬಾಗಿಲು ಮುಚ್ಚುತ್ತದೆ.

ಬ್ರಿಟನ್ನಿನಲ್ಲಿ ಸ್ಪೀಡಿಂಗ್‌ಗೆ ಬರುವ ಫಿಕ್ಸೆಡ್ ಪೆನಾಲ್ಟಿ ನೋಟಿಸ್ ಹೊತ್ತಿಗೆ ಸರಿಯಾಗಿ ಕಟ್ಟಿದರೆ ಅದು ಶಿಕ್ಷೆ ಅನ್ನಿಸಿಕೊಳ್ಳುವುದಿಲ್ಲ. ಕಟ್ಟದೆ ಬಿಟ್ಟು ಕೋರ್ಟಿಗೆ ಹೋದರೆ ಶಿಕ್ಷೆಯಾಗುತ್ತದೆ. ರೈಲಿನಲ್ಲೂ ಹೀಗೇ, ಟಿಕೆಟ್ ಇಲ್ಲದ್ದಕ್ಕೆ ಕಟ್ಟುವ ಪೆನಾಲ್ಟಿ ಫೇರ್ ಬೇರೆ, ರೈಲ್ವೆಯವರು ಕೋರ್ಟಿಗೆ ಎಳೆದದ್ದು ಬೇರೆ. ಟಿವಿ ಲೈಸೆನ್ಸ್ ಇಲ್ಲದೆ ಟಿವಿ ನೋಡಿ ಕೋರ್ಟಿನಲ್ಲಿ ದಂಡ ಬಿದ್ದರೆ ಅದೂ ಶಿಕ್ಷೆಯೇ, ಇದು ನಮ್ಮವರಿಗೆ ಹೊಳೆಯುವುದೇ ಇಲ್ಲ. ಸರ್ಕಾರಿ ಆಸ್ಪತ್ರೆಗೆ 500 ಪೌಂಡ್ ಅಥವಾ ಜಾಸ್ತಿ ಬಾಕಿ ಉಳಿಸಿಕೊಂಡರೂ ಅರ್ಜಿಗೆ ತೊಡಕಾಗಬಹುದು.

ಜರ್ಮನಿಯಲ್ಲಿ ಎರಡು ಪದ ಕಲಿತುಕೊಳ್ಳಿ. ಬೂಸ್‌ಗೆಲ್ಡ್ ಅಂದರೆ ಆಡಳಿತದ ದಂಡ, ಪಾರ್ಕಿಂಗ್, ಸ್ಪೀಡಿಂಗ್ ಇದರಲ್ಲಿ ಬರುತ್ತವೆ. ಗೆಲ್ಡ್‌ಸ್ಟ್ರಾಫ ಅಂದರೆ ಅಪರಾಧಕ್ಕೆ ಕೋರ್ಟು ಹಾಕಿದ ದಂಡ. ಇದನ್ನು ದಿನದ ಆದಾಯದ ಲೆಕ್ಕದಲ್ಲಿ ಹಾಕುತ್ತಾರೆ. ಮುಂದೆ ಪೌರತ್ವ ಕೇಳುವಾಗ ಸಾಮಾನ್ಯವಾಗಿ 90 ದಿನದ ಲೆಕ್ಕದವರೆಗಿನ ದಂಡವನ್ನು ಬದಿಗಿಡುತ್ತಾರೆ. ಟಿಕೆಟ್ ಇಲ್ಲದೆ ಟ್ರಾಮ್ ಹತ್ತಿದರೆ 60 ಯೂರೋ ಕಟ್ಟಿಸಿಕೊಳ್ಳುತ್ತಾರೆ, ಆದರೆ ಅದು ಅಲ್ಲಿನ ದಂಡ ಸಂಹಿತೆಯಲ್ಲಿ ಅಪರಾಧ ಕೂಡ. ಮತ್ತೆ ಮತ್ತೆ ಸಿಕ್ಕಿಬಿದ್ದರೆ ದೂರು ಆಗಬಹುದು.

ಅಮೆರಿಕದ ಗ್ರೀನ್ ಕಾರ್ಡ್ ಫಾರ್ಮ್‌ನ ಪ್ರಶ್ನೆ ಬಹಳ ಅಗಲ. ಅರೆಸ್ಟ್ ಮಾತ್ರ ಅಲ್ಲ, ಪೊಲೀಸರು ಯಾವತ್ತಾದರೂ ನಿಮಗೆ ಸೈಟೇಶನ್ ಕೊಟ್ಟಿದ್ದಾರಾ ಅಂತಲೂ ಕೇಳುತ್ತದೆ. ಸೈಟೇಶನ್ ಅಂದರೆ ಟ್ರಾಫಿಕ್ ಟಿಕೆಟೂ ಸೇರಿತು. ಟಿಕೆಟ್‌ನಿಂದ ಗ್ರೀನ್ ಕಾರ್ಡ್ ತಪ್ಪುವುದಿಲ್ಲ, ಆದರೆ ಪ್ರಶ್ನೆಗೆ ನಿಜ ಹೇಳಬೇಕು. ಅಂಗಡಿ ಕಳ್ಳತನ ಅಲ್ಲಿ ನೈತಿಕ ಅಧಃಪತನದ ಅಪರಾಧ. ಅಂಥದ್ದು ಒಂದೇ ಇದ್ದು, ಗರಿಷ್ಠ ಶಿಕ್ಷೆ ಒಂದು ವರ್ಷ ಮೀರದೆ, ವಿಧಿಸಿದ್ದು ಆರು ತಿಂಗಳು ಮೀರದೆ ಇದ್ದರೆ ಸಣ್ಣ ಅಪರಾಧದ ವಿನಾಯಿತಿ ಸಿಗುತ್ತದೆ. ಕುಡಿದು ಓಡಿಸಿದ್ದು ಇದ್ದರೆ ಮೆಡಿಕಲ್ ಪರೀಕ್ಷೆಯ ಡಾಕ್ಟರೂ ಅದನ್ನು ನೋಡುತ್ತಾರೆ.

ಐದನೆಯದು: ಪ್ರಶ್ನೆಯನ್ನು ಒಂದೊಂದು ಪದ ಹಿಡಿದು ಓದಿ

ಬಹಳ ಜನ ಎಡವುವುದು ಇಲ್ಲಿಯೇ. ಶಿಕ್ಷೆ ಆಗಿದೆಯಾ ಅನ್ನುವುದು ಒಂದು ಪ್ರಶ್ನೆ. ಈಗ ಯಾವುದಾದರೂ ಆರೋಪ, ವಿಚಾರಣೆ ಬಾಕಿ ಇದೆಯಾ ಅನ್ನುವುದು ಇನ್ನೊಂದು. ನಿಮ್ಮನ್ನು ವಶಕ್ಕೆ ತಗೊಂಡಿದ್ದರಾ ಅನ್ನುವುದು ಮತ್ತೊಂದು. ಕೇಸ್‌ನಲ್ಲಿ ಖುಲಾಸೆ ಆಗಿದ್ದರೂ ಮೂರನೆಯದಕ್ಕೆ ಉತ್ತರ "ಹೌದು" ಇರಬಹುದು. ಕೆನಡಾದ ಹಿನ್ನೆಲೆ ಫಾರ್ಮ್‌ನಲ್ಲಿ ಕೆನಡಾದೊಳಗಿನ ಅಪರಾಧಕ್ಕೂ ಬೇರೆ ದೇಶದ್ದಕ್ಕೂ ಬೇರೆ ಬೇರೆ ಪ್ರಶ್ನೆ ಇದೆ, ಎರಡನ್ನೂ ಓದಿ. ನಿಮ್ಮ ಪಟ್ಟಿಯ ಒಂದೊಂದು ಸಾಲನ್ನೂ ಒಂದೊಂದು ಪ್ರಶ್ನೆಯ ಪಕ್ಕ ಇಟ್ಟು ನೋಡಿ. ಟ್ರಾಫಿಕ್ ದಂಡವನ್ನು ಹೇಳಬೇಕೋ ಬೇಡವೋ ಅಂತ ಅನುಮಾನ ಬಂದರೆ, ಹೇಳಿಬಿಡಿ. ಹೇಳಿದ ಹೆಲ್ಮೆಟ್ ಫೈನ್‌ನಿಂದ ನಿಮಗೆ ನಷ್ಟ ಇಲ್ಲ.

ನಷ್ಟ ಆಗುವುದು ಮುಚ್ಚಿಟ್ಟರೆ. ಕೆನಡಾದಲ್ಲಿ ತಪ್ಪು ಮಾಹಿತಿ ಕೊಟ್ಟದ್ದಕ್ಕೆ 40ನೇ ಸೆಕ್ಷನ್ ಪ್ರಕಾರ 5 ವರ್ಷ ನಿಷೇಧ, ಆ ಐದು ವರ್ಷ ಪಿಆರ್ ಅರ್ಜಿ ಹಾಕುವ ಹಾಗೂ ಇಲ್ಲ. ಯಾವ ಅಪರಾಧ ಹೇಳಿದ್ದರೆ ಏನೂ ಆಗುತ್ತಿರಲಿಲ್ಲವೋ ಅದನ್ನು ಬಚ್ಚಿಟ್ಟು ಇಡೀ ಬದುಕಿನ ಲೆಕ್ಕ ತಪ್ಪಿಸಿಕೊಳ್ಳುವುದನ್ನು ನೆನೆಸಿಕೊಂಡರೆ ನನಗೆ ಸಂಕಟವಾಗುತ್ತದೆ. ನಮ್ಮ ತಮ್ಮ ಮೊದಲು ಹೋಗಿದ್ದ ಒಂದು ಕನ್ಸಲ್ಟೆನ್ಸಿಯವರು "ಇಂಡಿಯಾದ ಪೆಟ್ಟಿ ಕೇಸ್ ಅವರಿಗೆ ಹೇಗೆ ಗೊತ್ತಾಗುತ್ತೆ, ಇಲ್ಲ ಅಂತ ಹಾಕಿ" ಅಂದಿದ್ದರು. ಅರ್ಜಿಯ ಕೊನೆಗೆ ಸಹಿ ನಿಮ್ಮದು. ಟಿಕ್ ಮಾಡಿದ್ದು ಅವರೇ ಆದರೂ ನಿಷೇಧ ನಿಮಗೇ. ಕೆನಡಾದ ಅರ್ಜಿಗೆ ದುಡ್ಡು ತಗೊಂಡು ಸಲಹೆ ಕೊಡಬೇಕಾದರೆ ಅವರು ಅಲ್ಲಿನ ವಕೀಲರಾಗಿರಬೇಕು, ಇಲ್ಲವೇ ಅಲ್ಲಿನ ಕಾಲೇಜ್ ಆಫ್ ಇಮಿಗ್ರೇಷನ್‌ನಲ್ಲಿ ನೋಂದಾಯಿತ ಸಲಹೆಗಾರರಾಗಿರಬೇಕು, ಕ್ವಿಬೆಕ್‌ನ ನೋಟರಿಗಳೂ ಆಗಬಹುದು. ಹೆಸರನ್ನು ಆ ಸಂಸ್ಥೆಯ ಸೈಟ್‌ನಲ್ಲಿ ಹಾಕಿ ನೋಡಿ, ಎರಡು ನಿಮಿಷದ ಕೆಲಸ.

"ಹೌದು" ಅಂತ ಹಾಕಿದ ಮೇಲೆ ಒಂದು ವಿವರಣೆ ಪತ್ರ ಇಡಿ. ಒಂದು ಪುಟ ಸಾಕು. ಯಾವ ದಿನ, ಯಾವ ಊರು, ಏನಾಯಿತು, ಯಾವ ಸೆಕ್ಷನ್, ಯಾವ ಕೋರ್ಟು, ಎಷ್ಟು ದಂಡ, ಯಾವತ್ತು ಕಟ್ಟಿದ್ದು, ಅದಾದ ಮೇಲೆ ಬೇರೆ ಏನೂ ಆಗಿಲ್ಲ ಅನ್ನುವುದು. ಪೊಲೀಸರನ್ನು ಬೈಯಬೇಡಿ, ಅಳಬೇಡಿ, ದೇವರ ಮೇಲೆ ಆಣೆ ಇಡಬೇಡಿ. ತಮ್ಮ ಮೊದಲು ಬರೆದ ಪತ್ರ ನಾಲ್ಕು ಪುಟ ಇತ್ತು, ಅದರಲ್ಲಿ ಮೂರು ಪುಟ ಸೈಕಲ್‌ನವರದೇ ತಪ್ಪು ಅಂತ ವಾದ. "ಅದನ್ನೆಲ್ಲ ತೆಗಿ ಕಣೋ, ನೀನು ಒಪ್ಪಿಕೊಂಡಾಗಿದೆ" ಅಂತ ಹೇಳಿ ತೆಗೆಸಿದೆ. ಪತ್ರದಲ್ಲಿನ ದಿನಾಂಕ, ಮೊತ್ತ ಎಲ್ಲ ಕೋರ್ಟಿನ ನಕಲಿನ ಜತೆ ಅಕ್ಷರ ಅಕ್ಷರ ಹೊಂದಬೇಕು.

ಪಿಸಿಸಿ ವಿಚಾರ

ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್‌ಗೆ ಪಾಸ್‌ಪೋರ್ಟ್ ಸೇವಾ ಸೈಟ್‌ನಲ್ಲಿ ಅರ್ಜಿ, 500 ರೂಪಾಯಿ ಶುಲ್ಕ, ಆಮೇಲೆ ನಿಮ್ಮ ವಿಳಾಸದ ಸ್ಟೇಷನ್‌ನಿಂದ ಪರಿಶೀಲನೆ. ವಿದೇಶದಲ್ಲಿದ್ದರೆ ಅಲ್ಲಿನ ಭಾರತೀಯ ಕಾನ್ಸುಲೇಟ್ ಮೂಲಕ. ಕೆನಡಾ ಕಳೆದ 10 ವರ್ಷದಲ್ಲಿ ಒಂದೇ ಸಮನೆ 6 ತಿಂಗಳು ಅಥವಾ ಜಾಸ್ತಿ ಇದ್ದ ಪ್ರತಿ ದೇಶದ್ದೂ ಕೇಳುತ್ತದೆ, ಆಸ್ಟ್ರೇಲಿಯಾ ಒಟ್ಟು 12 ತಿಂಗಳು ಇದ್ದ ದೇಶಗಳದ್ದು. ಸದ್ಯ ಭಾರತದಲ್ಲೇ ಇದ್ದು ಕೆನಡಾಕ್ಕೆ ಅರ್ಜಿ ಹಾಕುವವರ ಪಿಸಿಸಿ 6 ತಿಂಗಳಿಗಿಂತ ಹಳೆಯದಿರಬಾರದು.

ಒಂದು ಮಾತು ಮಾತ್ರ ಮನಸ್ಸಿನಲ್ಲಿರಲಿ. ಪಿಸಿಸಿ ಕ್ಲೀನ್ ಬಂತು ಅಂದ ಮಾತ್ರಕ್ಕೆ ಫಾರ್ಮ್‌ನಲ್ಲಿ "ಇಲ್ಲ" ಅನ್ನುವ ಹಾಗಿಲ್ಲ. ಪರಿಶೀಲನೆಗೆ ಬಂದವರು ಬೇಲೂರಿನವರು, ಕೇಸ್ ಆದದ್ದು ಮೂಡಿಗೆರೆಯಲ್ಲಿ, ಅವರ ಕಣ್ಣಿಗೆ ಬಿದ್ದಿಲ್ಲದೆ ಇರಬಹುದು. ಪ್ರಶ್ನೆ ಕೇಳಿದ್ದು ನಿಮ್ಮನ್ನು.

ಅರ್ಜಿ ಹಾಕಿದ ಮೇಲೆ

ಅಧಿಕಾರಿಗಳಿಂದ "ಈ ವಿಚಾರಕ್ಕೆ ಉತ್ತರ ಕೊಡಿ" ಅಂತ ಪತ್ರ ಬಂದರೆ ಅದು ನಿರಾಕರಣೆ ಅಲ್ಲ, ನಿಮ್ಮ ಮಾತು ಕೇಳುವ ಅವಕಾಶ. ಗಡುವು ಅದರಲ್ಲೇ ಬರೆದಿರುತ್ತದೆ. ಮೇಲೆ ಹೇಳಿದ ಕಾಗದಗಳು ಮುಂಚೆಯೇ ಕೈಯಲ್ಲಿದ್ದರೆ ಗಡುವಿನೊಳಗೆ ಉತ್ತರ ಕೊಡಬಹುದು. ಇಲ್ಲವಾದರೆ ಹಾಸನದ ಕೋರ್ಟಿನಿಂದ ಅಷ್ಟು ದಿನದಲ್ಲಿ ನಕಲು ತೆಗೆಸಿ, ಅನುವಾದ ಮಾಡಿಸಿ ಕಳಿಸುವುದು ಬಹಳ ಕಷ್ಟ. ಹೆಚ್ಚು ಸಮಯ ಬೇಕಾದರೆ ಗಡುವು ಮುಗಿಯುವ ಮುಂಚೆ ಬರೆದು ಕೇಳಿ.

ಕಾಯುತ್ತಿರುವಾಗ ಅಲ್ಲಿ ಹೊಸ ಟಿಕೆಟ್ ಬಂದರೆ ಸುಮ್ನೆ ಡ್ರಾಯರ್‌ನಲ್ಲಿ ಹಾಕಿಡಬೇಡಿ. ಒಂಟಾರಿಯೋದಲ್ಲಿ 15 ದಿನದೊಳಗೆ ಕಟ್ಟಬೇಕು ಇಲ್ಲವೇ ವಾದ ಮಾಡುತ್ತೇನೆ ಅಂತ ತಿಳಿಸಬೇಕು. ಕಟ್ಟದೆ ಬಿಟ್ಟರೆ ಲೈಸೆನ್ಸ್ ಅಮಾನತಾಗುತ್ತದೆ, ಅದು ಗೊತ್ತಿಲ್ಲದೆ ಗಾಡಿ ಓಡಿಸಿದರೆ ಇನ್ನೊಂದು ಕೇಸ್. ಕ್ರಿಮಿನಲ್ ಆರೋಪವೇ ಬಿದ್ದರೆ ವಲಸೆ ಇಲಾಖೆಗೆ ತಿಳಿಸಲೇಬೇಕು. ಅದಕ್ಕೂ ಮುಂಚೆ, ತಪ್ಪೊಪ್ಪಿಕೊಳ್ಳುವ ಮುಂಚೆ, ನಿಮ್ಮ ಕ್ರಿಮಿನಲ್ ವಕೀಲರಿಗೆ "ನನ್ನ ಪಿಆರ್ ಅರ್ಜಿ ನಡೆಯುತ್ತಿದೆ" ಅಂತ ಮೊದಲ ಮಾತಲ್ಲೇ ಹೇಳಿ. ಕೆನಡಾದಲ್ಲಿ ಕೋರ್ಟು ಡಿಸ್ಚಾರ್ಜ್ ಕೊಟ್ಟರೆ, ಅಂದರೆ ತಪ್ಪು ಸಾಬೀತಾದರೂ ಶಿಕ್ಷೆ ಹಾಕದೆ ಬಿಟ್ಟರೆ, ಅದನ್ನು ಶಿಕ್ಷೆ ಅಂತ ಲೆಕ್ಕ ಹಾಕುವುದಿಲ್ಲ, ಬರೀ 200 ಡಾಲರ್ ದಂಡ ಹಾಕಿದರೆ ಹಾಕುತ್ತಾರೆ. ನೋಡಲು ಎರಡೂ ಸಣ್ಣದೇ, ನಿಮಗೆ ಮಾತ್ರ ಅಜಗಜಾಂತರ.

ಊರಲ್ಲಿ ಬಿಟ್ಟು ಬಂದ ಗಾಡಿ

ಇದನ್ನು ಯಾರೂ ಯೋಚನೆ ಮಾಡುವುದಿಲ್ಲ. ನೀವು ವಿಮಾನ ಹತ್ತಿದಿರಿ, ಕೆಎ 13 ನಂಬರಿನ ಬೈಕ್ ನಿಮ್ಮ ಹೆಸರಿನಲ್ಲೇ ಮನೆಯಲ್ಲಿದೆ, ತಮ್ಮ ಓಡಿಸುತ್ತಿದ್ದಾನೆ, ಅಥವಾ ತೋಟದ ಕೆಲಸಕ್ಕೆ ಯಾರ್ಯಾರೋ ತಗೊಂಡು ಹೋಗುತ್ತಿದ್ದಾರೆ. ಚಲನ್ ಎಲ್ಲ ನಿಮ್ಮ ಹೆಸರಿಗೇ ಬೀಳುತ್ತಿರುತ್ತದೆ. ನೋಟಿಸು, ಸಮನ್ಸು ಊರಿನ ಮನೆಗೆ ಬರುತ್ತದೆ. "ಅವನು ಇಲ್ಲಿಲ್ವಲ್ಲ" ಅಂತ ಅಜ್ಜಿ ಅದನ್ನು ಕ್ಯಾಲೆಂಡರ್ ಹಿಂದೆ ಸಿಕ್ಕಿಸಿರುತ್ತಾರೆ. ಹೋಗುವ ಮುಂಚೆ ಆರ್‌ಟಿಒದಲ್ಲಿ ಫಾರ್ಮ್ 29, 30 ಕೊಟ್ಟು ಗಾಡಿಯನ್ನು ಓಡಿಸುವವರ ಹೆಸರಿಗೆ ಮಾಡಿಸಿ. ಈಗಾಗಲೇ ಹೋಗಿಬಿಟ್ಟಿದ್ದರೆ ಮುಂದಿನ ಸಲ ಊರಿಗೆ ಬಂದಾಗ ಮಾಡಿಸಿ, ಅಲ್ಲಿಯವರೆಗೆ ತಿಂಗಳಿಗೊಮ್ಮೆ ಗಾಡಿ ನಂಬರ್ ಹಾಕಿ ಚಲನ್ ನೋಡುತ್ತಿರಿ. ಮನೆಗೆ ಬರುವ ಯಾವ ಸರ್ಕಾರಿ ಕಾಗದವನ್ನೂ ಫೋಟೋ ತೆಗೆದು ಅವತ್ತೇ ಕಳಿಸಿ ಅಂತ ಮನೆಯವರಿಗೆ ಇವತ್ತು ರಾತ್ರಿಯೇ ಫೋನ್ ಮಾಡಿ ಹೇಳಿ.